ಲೈಟ್‌ಸ್ಪೀಡ್ ಕ್ಯಾಶ್: ಪ್ಲಗಿನ್ ಪುಕ್ಕಟೆ, ಸರ್ವರ್ ನೋಡಿ ಹಾಕಿ
ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಅಂಗಡಿಯ ವೆಬ್‌ಸೈಟ್ ತೆವಳುತ್ತಿದ್ದರೆ ಪುಟದ ಸಿದ್ಧಪ್ರತಿ ಇಟ್ಟುಕೊಂಡು ಬೇಗ ತೋರಿಸುವ ಈ ಪ್ಲಗಿನ್ ಒಳ್ಳೆಯ ಮದ್ದು. ಆದರೆ ಹೋಸ್ಟಿಂಗ್ ಲೈಟ್‌ಸ್ಪೀಡ್ ಸರ್ವರ್ ಮೇಲಿರಬೇಕು. ಅಪಾಚೆ ಸರ್ವರ್ ಆಗಿದ್ದರೆ, ಕ್ವಿಕ್ ಕ್ಲೌಡ್ ಸಿಡಿಎನ್ (ಹಲವೆಡೆಯ ಸರ್ವರ್‌ಗಳಿಂದ ಪುಟ ಒದಗಿಸುವ ಜಾಲ) ಜೋಡಿಸದ ಹೊರತು ಪೇಜ್ ಕ್ಯಾಶ್, ಅಂದರೆ ಈ ಪ್ರತಿ ಇಡುವ ಕೆಲಸ, ನಡೆಯದು. ಬೇರೆ ಕ್ಯಾಶ್ ಪ್ಲಗಿನ್ ಇದ್ದರೆ ಮೊದಲು ತೆಗೆಯಿರಿ. ಲಾಗಿನ್ ಆಗದೆ ಪುಟವನ್ನು ಎರಡು ಸಲ ತೆರೆದು ನೋಡಿ: ಎರಡನೇ ಸಲ ರೆಸ್ಪಾನ್ಸ್ ಹೆಡರ್‌ನಲ್ಲಿ (ಪುಟದ ಜತೆ ಸರ್ವರ್ ಕಳಿಸುವ ಮಾಹಿತಿ, ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ಕಾಣುತ್ತದೆ) ‘ಎಕ್ಸ್-ಲೈಟ್‌ಸ್ಪೀಡ್-ಕ್ಯಾಶ್: ಹಿಟ್’ ಎಂದಿರಬೇಕು.

ಕೈಕೊಡುವುದು ಪ್ಲಗಿನ್‌ನ ಎರಡು ಸೆಟ್ಟಿಂಗ್: ಜಾವಾಸ್ಕ್ರಿಪ್ಟ್ ಕಂಬೈನ್ (ಸ್ಕ್ರಿಪ್ಟ್ ಫೈಲುಗಳನ್ನು ಒಂದಾಗಿಸುವುದು) ಮತ್ತು ಡಿಲೇ (ಅವನ್ನು ತಡವಾಗಿ ಓಡಿಸುವುದು). ಫೈಲುಗಳು ಓಡುವ ಕ್ರಮ ತಪ್ಪಿ ಮೊಬೈಲ್ ಮೆನು ತೆರೆಯುವುದಿಲ್ಲ, ಸ್ಲೈಡರ್ ನಿಂತೇಬಿಡುತ್ತದೆ. ಒಂದೊಂದಾಗಿ ಆನ್ ಮಾಡಿ, ಪ್ರತಿಸಲವೂ ಪರ್ಜ್ ಕೊಟ್ಟು (ಹಳೆಯ ಕ್ಯಾಶ್ ಅಳಿಸಿ) ಪರೀಕ್ಷಿಸಿ. ಕಂಬೈನ್ ಬಿಟ್ಟರೂ ನಷ್ಟವಿಲ್ಲ, ಹಲವು ಫೈಲುಗಳನ್ನು ಒಂದೇ ಸಂಪರ್ಕದಲ್ಲಿ ಒಟ್ಟಿಗೆ ಕಳಿಸುವ ಎಚ್‌ಟಿಟಿಪಿ/2 ಇದ್ದಲ್ಲಿ ಅದರಿಂದ ಲಾಭ ಅಷ್ಟಕ್ಕಷ್ಟೇ. ಚಿತ್ರಗಳನ್ನು ಬೇಕಾದಾಗಷ್ಟೇ ತರುವ ಲೇಜಿ ಲೋಡ್‌ನಿಂದ ಮೇಲಿನ ಬ್ಯಾನರ್ ಚಿತ್ರವನ್ನು ಹೊರಗಿಡಿ. ಇಲ್ಲವಾದರೆ ಅದು ತಡವಾಗಿ ಬಂದು ಎಲ್‌ಸಿಪಿ (ಪರದೆಯ ಮೇಲಿನ ಅತಿ ದೊಡ್ಡ ಭಾಗ ಕಾಣಿಸಲು ಹಿಡಿಯುವ ಸಮಯ) 2.5 ಸೆಕೆಂಡಿನ ಗಡಿ ದಾಟಬಹುದು.