ಹೋಲಿಕೆಯ ಫೋಟೋ ನಂಬಿ ಹಳೆಯ ಲೆನ್ಸ್ ಕೊಳ್ಳಬೇಡಿ

ಹಳೆಯ ಫಿಲ್ಮ್ ಕ್ಯಾಮೆರಾಗಳ ಲೆನ್ಸ್ ಕೊಳ್ಳಲು ಹೊರಟವರು, ಮಾರುವವನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಹೋಲಿಕೆಯ ಫೋಟೋಗಳನ್ನು ನಂಬಿ ದಯವಿಟ್ಟು ಹಣ ಹಾಕಬೇಡಿ. ನಾನು ಹಾಕಿದೆ. ₹16,500 ಹೋಯಿತು. ಎಂಟು ವರ್ಷಗಳಿಂದ ಇಂತಹ ಲೆನ್ಸ್‌ಗಳನ್ನೇ ಬಳಸುತ್ತ ಬಂದವನು ಎರಡು ಫೋಟೋಗಳಿಗೆ ಮರುಳಾದೆನಲ್ಲ ಎಂಬ ಸಂಕಟ ಹಣ ಹೋದದ್ದಕ್ಕಿಂತ ದೊಡ್ಡದು. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ನನ್ನ ಬಳಿ ಹೆಲಿಯೋಸ್ 44-2 ಎಂಬ ಹಳೆಯ ಸೋವಿಯತ್ ಲೆನ್ಸ್ ಇದೆ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಬಣ್ಣ ಹಚ್ಚಿಕೊಳ್ಳುವಾಗ ನಾನು ತೆಗೆದ ಹೆಚ್ಚಿನ ಚಿತ್ರಗಳು ಅದರವೇ. ಎಫ್/2ರಲ್ಲಿ, ಅಂದರೆ ಬೆಳಕು ಒಳಬರುವ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆದಾಗ, ಹಿನ್ನೆಲೆ ಸುಳಿ ಸುತ್ತಿದಂತೆ ಕಾಣುವುದು ಅದರ ಗುಣ, ಮುಖ ನಡುವಿನಲ್ಲಿದ್ದಾಗ ಅದು ಚೆಂದ. ಆದರೆ ಚೌಕಿಯ ಉದ್ದಕ್ಕೂ ಕುಳಿತ ಐದಾರು ಮಂದಿಯನ್ನು ಒಟ್ಟಿಗೆ ತೆಗೆಯುವಾಗ ಅಂಚಿನವರೆಗೂ ಸ್ಪಷ್ಟವಾಗಿ ಮೂಡಿಸುವ ಲೆನ್ಸ್ ಬೇಕೆನಿಸಿ, ಪೂರ್ವ ಜರ್ಮನಿಯ ಯೇನಾದಲ್ಲಿ ತಯಾರಾದ ಪ್ಯಾಂಕೋಲಾರ್ 50 ಎಂ.ಎಂ. ಎಫ್/1.8 ಹುಡುಕುತ್ತಿದ್ದೆ. ಆಗ ಸಿಕ್ಕಿದವನು ಈ ಮಾರಾಟಗಾರ. ಚೊಕ್ಕ ಕನ್ನಡದಲ್ಲಿ ಮಾತನಾಡಿದ. "ಸರ್, ಹೆಲಿಯೋಸ್ ಏನಿದ್ರೂ ಯೇನಾದ ಬಯೋಟಾರ್ ನೋಡಿ ರಷ್ಯಾದವರು ಮಾಡಿದ್ದು. ಇದು ಮೂಲದ ಮನೆಯದ್ದೇ," ಎಂದ. ಹೆಲಿಯೋಸ್, ಬಯೋಟಾರ್ ಎಂಬ ಹಳೆಯ ಜರ್ಮನ್ ಲೆನ್ಸ್‌ನ ವಿನ್ಯಾಸದಿಂದ ಬಂದದ್ದು ನಿಜ. ಅವನ ಮಾತಿನಲ್ಲಿ ಅಷ್ಟು ನಿಜವಿದ್ದುದರಿಂದಲೇ ಉಳಿದದ್ದನ್ನೂ ನಂಬಿದೆ.

ಅನಂತರ ಎರಡು ಫೋಟೋ ಕಳುಹಿಸಿದ. ಎರಡರಲ್ಲೂ ಸಂಜೆಯ ಅದೇ ಬೀದಿ, ಅದೇ ದೀಪದ ಕಂಬ. ಎಡಗಡೆಯದಕ್ಕೆ ಹೆಲಿಯೋಸ್ ಎಂದೂ ಬಲಗಡೆಯದಕ್ಕೆ ಪ್ಯಾಂಕೋಲಾರ್ ಎಂದೂ ಬರೆದಿದ್ದ. ಎಡಗಡೆಯದು ಮಂಜು ಮುಸುಕಿದಂತಿತ್ತು. ಬಲಗಡೆಯದರಲ್ಲಿ ಮೂಲೆಯ ಅಂಗಡಿಯ ಫಲಕದ ಸಣ್ಣ ಅಕ್ಷರವನ್ನೂ ಓದಬಹುದಿತ್ತು. ಲೆನ್ಸ್ ಸರ್ವಿಸ್ ಆಗಿದೆ, ಫಂಗಸ್ ಇಲ್ಲ ಎಂದ. ಅದೇ ರಾತ್ರಿ ಯುಪಿಐ ಮೂಲಕ ಹಣ ಹಾಕಿದೆ.

ಲೆನ್ಸ್ ಬಂದ ಮರುದಿನ ಮನೆಯ ಮುರಕಲ್ಲಿನ ಗೋಡೆಯೆದುರು ಟ್ರೈಪಾಡ್ ಇಟ್ಟು, ಹಳೆಯ ಲೆನ್ಸನ್ನು ಈಗಿನ ಕ್ಯಾಮೆರಾಗೆ ಜೋಡಿಸುವ ಒಂದೇ ಅಡಾಪ್ಟರ್‌ನಲ್ಲಿ, ಒಂದೇ ಬೆಳಕಿನಲ್ಲಿ, ಎರಡೂ ಲೆನ್ಸ್‌ಗಳ ಅಪರ್ಚರನ್ನು ಎಫ್/5.6ಕ್ಕೆ ಕಿರಿದು ಮಾಡಿ ಚಿತ್ರ ತೆಗೆದೆ. ಮುರಕಲ್ಲಿನ ಮೈತುಂಬ ಸಣ್ಣ ತೂತುಗಳಿರುವುದರಿಂದ ಲೆನ್ಸ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಗೋಡೆ ಬೇಕಿಲ್ಲ. ಹೆಲಿಯೋಸ್‌ನಲ್ಲಿ ಒಂದೊಂದು ತೂತಿನ ಅಂಚೂ ಕಾಣುತ್ತಿತ್ತು. ಪ್ಯಾಂಕೋಲಾರ್‌ನಲ್ಲಿ ಬಲಭಾಗ ಚೆನ್ನಾಗಿದೆ, ಎಡಭಾಗ ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿದಂತೆ ಕಲಸಿಹೋಗಿದೆ. ಕ್ಯಾಮೆರಾ ಗೋಡೆಗೆ ನೇರವಾಗಿಲ್ಲವೇನೋ ಎಂದುಕೊಂಡು ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆದೆ. ಗೋಡೆಯ ಅದೇ ಕಲ್ಲುಗಳು ಈಗ ಸ್ಪಷ್ಟವಾದವು, ಇನ್ನೊಂದು ಬದಿಯ ಕಲ್ಲುಗಳು ಕಲಸಿದವು. ಅಂದರೆ ದೋಷ ಇರುವುದು ಲೆನ್ಸ್‌ನಲ್ಲಿಯೇ. ಒಳಗಿನ ಗಾಜೊಂದು ಓರೆಯಾಗಿ ಕೂತಿದೆ. ಸ್ಕ್ರೂಗಳ ತಲೆ ಕಿತ್ತುಹೋಗಿರುವುದೂ, ಟಾರ್ಚ್ ಬಿಟ್ಟು ನೋಡಿದಾಗ ಒಳಗಾಜಿನ ಕೋಟಿಂಗ್ ಮೇಲೆ ತಿಕ್ಕಿದ ಗೀರುಗಳಿರುವುದೂ ಆಮೇಲೆ ಕಂಡವು. ಯಾರೋ ಬಿಚ್ಚಿ ತಿಕ್ಕಿ ಹೇಗೋ ಜೋಡಿಸಿದ್ದಾರೆ. ಅವನು ಹೇಳಿದ ಸರ್ವಿಸ್ ಅದು.

ಚಿತ್ರಗಳನ್ನು ಕಳುಹಿಸಿ ವಿಚಾರಿಸಿದರೆ, "ಹಳೇ ಲೆನ್ಸ್ ಅಂದ್ರೆ ಹಾಗೇ ಸರ್, ಅದೇ ಅದರ ಕ್ಯಾರೆಕ್ಟರ್. ಶಾರ್ಪ್ ಬೇಕಿದ್ರೆ ಹೊಸದು ತಗೋಬೇಕಿತ್ತು," ಎಂದ. ಶಾರ್ಪ್ ಎಂದೇ ಮಾರಿದವನು ಅವನು! ಅಡಾಪ್ಟರ್ ಸರಿಯಿಲ್ಲ ಎಂದ. ಅದೇ ಅಡಾಪ್ಟರ್‌ನಲ್ಲಿ ಹೆಲಿಯೋಸ್ ಚೆನ್ನಾಗಿ ಬಂದಿದೆಯಲ್ಲ ಎಂದು ತೋರಿಸಿದೆ. ಅದಕ್ಕೆ ಉತ್ತರವಿಲ್ಲ. ಒಂದು ದಿನ ಬಿಟ್ಟು, "ಪಾರ್ಸೆಲ್ ಓಪನ್ ಮಾಡುವಾಗ ವಿಡಿಯೋ ಮಾಡಿದ್ದೀರಾ?" ಎಂದು ಕೇಳಿದ. ನಾನು ಮಾಡಿರಲಿಲ್ಲ.

ಆ ರಾತ್ರಿ ಅವನ ಎರಡೂ ಫೋಟೋಗಳನ್ನು ಮತ್ತೆ ತೆರೆದು ನೋಡುತ್ತ ಕುಳಿತೆ. ಮೊದಲು ಕಂಡದ್ದು, ಹೆಲಿಯೋಸ್ ಎಂದು ಬರೆದ ಫೋಟೋದಲ್ಲಿ ದೂರದ ದೀಪಗಳು ದೊಡ್ಡ ದುಂಡನೆಯ ಮಸುಕುಗಳಾಗಿದ್ದವು, ಅಂದರೆ ಅಪರ್ಚರ್ ಪೂರ್ತಿ ತೆರೆದು ತೆಗೆದದ್ದು. ಬಲಗಡೆಯದರಲ್ಲಿ ಕಂಬದ ದೀಪದ ಸುತ್ತ ಚೂಪಾದ ಕಿರಣಗಳು ಚಾಚಿದ್ದವು; ಅಪರ್ಚರ್ ಚೆನ್ನಾಗಿ ಮುಚ್ಚಿದಾಗ ಮಾತ್ರ ಹಾಗಾಗುತ್ತದೆ. ಅಪರ್ಚರನ್ನು ಎರಡು ಮೂರು ಸ್ಟಾಪ್ (ಹಂತ) ಮುಚ್ಚಿದರೆ ಯಾವ ಹಳೆಯ ಲೆನ್ಸ್ ಆದರೂ ಬಹಳ ಸುಧಾರಿಸುತ್ತದೆ, ಹಾಗಿರುವಾಗ ಒಂದನ್ನು ತೆರೆದು ಇನ್ನೊಂದನ್ನು ಮುಚ್ಚಿ ತೋರಿಸುವುದು ಹೋಲಿಕೆಯೇ ಅಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡಿರಲಿಲ್ಲ.

ಆಮೇಲೆ ಕಿರಣಗಳನ್ನು ಎಣಿಸಿದೆ. ಹದಿನಾಲ್ಕು. ಮತ್ತೆ ಎಣಿಸಿದೆ, ಹದಿನಾಲ್ಕೇ. ಅಪರ್ಚರನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಬ್ಲೇಡುಗಳು ಸಮಸಂಖ್ಯೆಯಲ್ಲಿದ್ದರೆ ಕಿರಣಗಳೂ ಅಷ್ಟೇ ಬರುತ್ತವೆ; ಬೆಸವಾಗಿದ್ದರೆ ಅದರ ಎರಡರಷ್ಟು. ಹದಿನಾಲ್ಕು ಬಂದಿದೆ ಎಂದರೆ ಏಳು ಬ್ಲೇಡು. ನನಗೆ ಕಳುಹಿಸಿದ ಪ್ಯಾಂಕೋಲಾರ್ ಕೈಗೆತ್ತಿಕೊಂಡು ರಿಂಗ್ ತಿರುಗಿಸಿ ಎಣಿಸಿದರೆ ಆರು. ಆ ಫೋಟೋ ಈ ಲೆನ್ಸ್‌ನದಲ್ಲ. ಏಳು ಬ್ಲೇಡಿನ ಯಾವುದೋ ಬೇರೆ ಲೆನ್ಸ್‌ನದು. ಕೈಕಾಲು ತಣ್ಣಗಾಯಿತು.

ಕೇಳಿದ್ದಕ್ಕೆ ಅವನು ಬರೆದದ್ದು ಇದು: "ಅದು ಸ್ಯಾಂಪಲ್ ಸರ್. ಇದೇ ಪೀಸ್‌ನಲ್ಲಿ ತೆಗೆದಿದ್ದು ಅಂತ ನಾನು ಎಲ್ಲಿ ಹೇಳಿದ್ದೀನಿ?" ಹಿಂದಿನ ಮಾತುಕತೆಯನ್ನೆಲ್ಲ ಮೇಲಿಂದ ಕೆಳಗೆ ಓದಿದೆ. ನಿಜವಾಗಿಯೂ ಅವನು ಎಲ್ಲಿಯೂ ಹಾಗೆ ಹೇಳಿರಲಿಲ್ಲ. ಪ್ಯಾಂಕೋಲಾರ್ ಎಂದಷ್ಟೇ ಬರೆದಿದ್ದ, ಉಳಿದದ್ದನ್ನು ನಾನೇ ತುಂಬಿಕೊಂಡಿದ್ದೆ. ಆದರೆ ಅದು ಪ್ಯಾಂಕೋಲಾರ್‌ನದೂ ಅಲ್ಲವಲ್ಲ ಎಂದು ಬರೆದ ಮೇಲೆ ನನ್ನ ಸಂದೇಶಗಳಿಗೆ ಒಂದೇ ಟಿಕ್ ಬರುತ್ತಿದೆ, ಅವನ ಪ್ರೊಫೈಲ್ ಚಿತ್ರವೂ ಮಾಯವಾಗಿದೆ.

ಕೊಳ್ಳುವುದೇ ಆದರೆ, ನಿಮಗೆ ಮಾರುತ್ತಿರುವ ಅದೇ ಲೆನ್ಸ್‌ನಿಂದ ಗೋಡೆಯೊಂದನ್ನು ಅಪರ್ಚರ್ ಪೂರ್ತಿ ತೆರೆದೂ ಎಫ್/5.6ರಲ್ಲೂ ತೆಗೆದು, ಮೂಲ ಫೈಲನ್ನೇ ಕಳುಹಿಸಲು ಹೇಳಿ. ವಾಟ್ಸ್ಆ್ಯಪ್ ಕುಗ್ಗಿಸಿದ ಫೋಟೋ ಬೇಡ. ಲೆನ್ಸ್‌ನ ಸೀರಿಯಲ್ ನಂಬರ್ ಕಾಣುವಂತೆ, ಟಾರ್ಚ್ ಹಾಯಿಸಿದ ವಿಡಿಯೋ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ.

ಇಷ್ಟು ನಾಚಿಕೆಯಲ್ಲೂ ಇದನ್ನು ಬರೆಯಲು ಕಾರಣವಿದೆ. ಮೊನ್ನೆ ಉಡುಪಿಯ ಗೆಳೆಯರೊಬ್ಬರು, ಸೂಪರ್ ಟಕುಮಾರ್ ಎಂಬ ಇನ್ನೊಂದು ಹಳೆಯ ಲೆನ್ಸ್ ಸಿಗುತ್ತಿದೆ, ತೆಗೆದುಕೊಳ್ಳಲೇ ಎಂದು ಕೇಳಿ ಎರಡು ಫೋಟೋ ಕಳುಹಿಸಿದರು. ಅದೇ ಬೀದಿ, ಅದೇ ಕಂಬ. ಬಲಗಡೆಯದಕ್ಕೆ ಈ ಸಲ ಟಕುಮಾರ್ ಎಂದು ಬರೆದಿದೆ. ದೀಪದ ಸುತ್ತ ಹದಿನಾಲ್ಕು ಕಿರಣ.