ಧಾರವಾಡದ ಹಳೇ ಕಾನೂನು ಪುಸ್ತಕದಂಗಡಿ: ಬೊಮ್ಮಾಯಿ ಕೇಸು ಸಿಕ್ಕಿತು, ಬಿಲ್ ಸಿಗಲಿಲ್ಲ

ಕಾನೂನು ಓದುವ ಹುಡುಗರಿಗೆ ಈ ಅಂಗಡಿ ಬಂಗಾರ. ಆದರೆ ಧೂಳಿಗೆ ಸೀನು ಬರುವವರು ಮಾಸ್ಕ್ ಹಾಕಿಕೊಂಡೇ ಹೋಗಿ.

ನನಗೆ ಬೇಕಾಗಿದ್ದದ್ದು ಎಸ್.ಆರ್. ಬೊಮ್ಮಾಯಿ ಕೇಸಿನ ಪೂರ್ತಿ ತೀರ್ಪು, ರಾಜ್ಯ ಸರ್ಕಾರ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವುದಕ್ಕೆ ಸುಪ್ರೀಂ ಕೋರ್ಟ್ ಮಿತಿ ಹಾಕಿದ್ದು ಇದರಲ್ಲೇ. ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಗೊತ್ತು, ಆದರೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಅಷ್ಟುದ್ದದ ತೀರ್ಪನ್ನು ಸ್ಕ್ರೀನ್ ಮೇಲೆ ಓದಿದರೆ ಕಣ್ಣಿನ ಗತಿ ಏನು ಅಲ್ವಾ? ಮಾಲೀಕರು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಅಚ್ಚು ಹಾಕುವ ಎಸ್‌ಸಿಸಿ ಸರಣಿಯ 1994ರ ಮೂರನೇ ಸಂಪುಟ ತೆಗೆದುಕೊಟ್ಟರು. ಕೇಸು ಶುರುವಾಗುವುದೇ ಒಂದನೇ ಪುಟದಿಂದ. ರಟ್ಟಿನ ಬೆನ್ನು ಕಿತ್ತಿತ್ತು. ಹಿಂದೆ ಯಾರೋ ವಕೀಲರು ಅಂಚಿನಲ್ಲಿ ಕೆಂಪು ಪೆನ್ಸಿಲ್ ಆಡಿಸಿದ್ದರು, ಬಹುಮತ ಸಾಬೀತಾಗಬೇಕಾದ್ದು ಸದನದಲ್ಲೇ ಅನ್ನುವ ಕಡೆಯೆಲ್ಲ ಎರಡೆರಡು ಗೀಟು. ನನಗಂತೂ ಅದು ಬೋನಸ್.

ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡಿದವರು, ನಮ್ಮವರೇ. ಮುಖ್ಯಮಂತ್ರಿಯಾಗಿದ್ದಾಗ 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ವಜಾ ಆಯಿತು, ಹೈಕೋರ್ಟಿನಲ್ಲಿ ಸೋತರು, ಆದರೂ ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್‌ನಲ್ಲಿ ತೀರ್ಪು ಬರುವಷ್ಟರಲ್ಲಿ ಕುರ್ಚಿ ಎಂದೋ ಕೈಬಿಟ್ಟಿತ್ತು. ಮಗ ಬಸವರಾಜ ಬೊಮ್ಮಾಯಿ ಓದಿದ್ದು ಇಂಜಿನಿಯರಿಂಗ್, 2021ರಲ್ಲಿ ಅದೇ ಕುರ್ಚಿಗೆ ಬಂದರು. ನನ್ನ ಕೇಳಿದರೆ ಮನೆತನಕ್ಕೆ ದೊಡ್ಡ ಹೆಸರು ಈ ಕೇಸಿನದೇ.

ಇನ್ನು ಅಂಗಡಿ ವಿಷಯ. ರೇಟು ಬಾಯಿಗೆ ಬಂದಂತೆ, ಚೌಕಾಸಿ ಮಾಡಲೇಬೇಕು. ಬಿಲ್ ಕೇಳಿದರೆ ಮುಖ ಮುಖ ನೋಡುತ್ತಾರೆ. ಯುಪಿಐ ಇದೆ. ಹೈಕೋರ್ಟ್ ಪೀಠ ಇಲ್ಲೇ ಇರುವುದರಿಂದ ಸಂಜೆ ಜೂನಿಯರ್ ವಕೀಲರ ಗದ್ದಲ ಜಾಸ್ತಿ. ಬೆಳಗ್ಗೆ ಹೋಗಿ, ಮಾಲೀಕರೇ ಏಣಿ ಹತ್ತಿ ಹುಡುಕಿಕೊಡುತ್ತಾರೆ.