ಎಂಟು ವರ್ಷ ತತಾಮಿ ಮೇಲೆ: ಒದ್ದೆ ಬಟ್ಟೆಯೊಂದು ಬೇಡ

ಟೋಕಿಯೋದ ನಿಶಿಕಸಾಯ್‌ನಲ್ಲಿ ನಾವಿರುವ ಬಾಡಿಗೆ ಮನೆ ಹಳೆಯದು. ಅದರ ಒಂದು ಕೋಣೆಗೆ ಪೂರ್ತಿ ತತಾಮಿ, ಅಂದರೆ ಜಪಾನಿನ ದಪ್ಪ ಹುಲ್ಲಿನ ಚಾಪೆ, ಹಾಸಿದ್ದಾರೆ. ಆರು ಚಾಪೆಯ ಕೋಣೆ. ಇಲ್ಲಿ ಕೋಣೆ ಎಷ್ಟು ದೊಡ್ಡದು ಅಂತ ಕೇಳಿದರೆ ಈಗಲೂ ಚಾಪೆ ಲೆಕ್ಕದಲ್ಲೇ ಹೇಳುತ್ತಾರೆ. ಚಾಪೆ ಅಂದೆ, ಆದರೆ ಸುತ್ತಿ ಮೂಲೆಗೆ ನಿಲ್ಲಿಸುವಂಥದ್ದಲ್ಲ ಇದು. ಒಂದೊಂದೂ ಸುಮಾರು 176 ಸೆಂ.ಮೀ. ಉದ್ದ, 88 ಸೆಂ.ಮೀ. ಅಗಲ, ಐದು ಸೆಂ.ಮೀ.ಗಿಂತ ತುಸು ಜಾಸ್ತಿ ದಪ್ಪ. ಕ್ಯೋಟೋ ಕಡೆಯ ಅಳತೆ ಇನ್ನೂ ದೊಡ್ಡದು, 191 ಸೆಂ.ಮೀ. ಉದ್ದ. ಒಳಗೆ ಬಿಗಿಯಾಗಿ ಒತ್ತಿ ಹೊಲಿದ ಭತ್ತದ ಹುಲ್ಲು, ಮೇಲೆ ಇಗುಸಾ ಅನ್ನುವ ಜೊಂಡಿನ ಹೆಣಿಗೆ, ಎರಡು ಉದ್ದದ ಬದಿಗೂ ಬಟ್ಟೆಯ ಅಂಚು.

ಎಂಟು ವರ್ಷದಿಂದ ಇದರ ಮೇಲೆಯೇ ಮಲಗುತ್ತಿದ್ದೇವೆ, ಕೂತು ಊಟ ಮಾಡುತ್ತೇವೆ. ನನಗಂತೂ ಈ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದೇ. ಆದರೆ ಮೊದಲ ವರ್ಷವೇ ನಾನು ಒಂದು ಚಾಪೆಯನ್ನು ಹಾಳು ಮಾಡಿದೆ. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದಿನಾ ಬೆಳಿಗ್ಗೆ ಕಸ ಗುಡಿಸಿ ನೆಲ ಒರೆಸುವುದನ್ನು ನೋಡುತ್ತಾ ಬೆಳೆದವಳು ನಾನು. ಒರೆಸದಿದ್ದರೆ ಮನೆ ಸ್ವಚ್ಛ ಅನಿಸುವುದೇ ಇಲ್ಲ. ಇಲ್ಲೂ ಬಟ್ಟೆ ಹಿಂಡಿ ದಿನಾ ಒರೆಸಿದೆ. ರಾತ್ರಿ ಹಾಸಿದ ಫುಟಾನ್ ಹಾಸಿಗೆಯನ್ನು ಎಷ್ಟೋ ದಿನ ಮಡಚದೆ ಹಾಗೇ ಬಿಟ್ಟೆ. ಜೂನ್‌ನಲ್ಲಿ ತ್ಸುಯು, ಅಂದರೆ ಇಲ್ಲಿನ ಮಳೆಗಾಲ, ಹಿಡಿಯಿತು. ಒಂದು ದಿನ ಹಾಸಿಗೆ ಎತ್ತಿ ನೋಡಿದರೆ ಕೆಳಗೆ ಹಸಿರು ಬಿಳುಪಿನ ಬೂಷ್ಟು, ಹಿಟ್ಟು ಚೆಲ್ಲಿದ ಹಾಗೆ. ಮುಗ್ಗಲು ವಾಸನೆ ಬೇರೆ. ಗಾಬರಿಯಲ್ಲಿ ಮತ್ತೆ ಒದ್ದೆ ಬಟ್ಟೆಯಲ್ಲೇ ಒರೆಸಿದೆ! ಎರಡೇ ದಿನಕ್ಕೆ ಇಮ್ಮಡಿಯಾಗಿ ಬಂತು.

ಇಗುಸಾ ಕಡ್ಡಿಯ ಒಳಗೆಲ್ಲ ಸ್ಪಂಜಿನಂಥ ತಿರುಳಿದೆ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಅದು ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಸೆಖೆಯಲ್ಲೂ ಇದರ ಮೇಲೆ ಮೈ ಅಂಟದೇ ಇರುವುದು ಅದಕ್ಕೇ. ನಾವೇ ನೀರು ಕುಡಿಸುತ್ತಾ ಹೋದರೆ ಅದು ಒಣಗುವುದು ಯಾವಾಗ, ಅಲ್ವಾ?

ಬೂಷ್ಟು ಬಂದರೆ ನಾನು ಈಗ ಮಾಡುವುದು ಹೀಗೆ. ಮೊದಲು ಕಿಟಕಿ ತೆಗೆಯುತ್ತೇನೆ. ವ್ಯಾಕ್ಯೂಮ್ ಮುಟ್ಟುವುದಿಲ್ಲ, ಅದು ಬೂಷ್ಟನ್ನು ಕೋಣೆಗೆಲ್ಲ ಹರಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಎಥನಾಲ್ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಹೆಣಿಗೆಯ ಗೆರೆಯುದ್ದಕ್ಕೂ ತಿಕ್ಕುತ್ತೇನೆ. ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಹಚ್ಚಿಡುತ್ತೇನೆ. ಮಳೆಗಾಲದಲ್ಲಿ ಎಸಿಯನ್ನು ಡ್ರೈ ಮೋಡ್‌ನಲ್ಲಿ ಓಡಿಸುತ್ತೇನೆ, ಹಾಸಿಗೆಯನ್ನು ಬೆಳಿಗ್ಗೆಯೇ ಎತ್ತುತ್ತೇನೆ. ಆಮೇಲೆ ಹೆಚ್ಚೇನೂ ತೊಂದರೆಯಾಗಿಲ್ಲ. ದಿನದ ಕಸಕ್ಕೆ ಪೊರಕೆ ಸಾಕು. ಗುಡಿಸುವಾಗಲೂ ಗೆರೆಯುದ್ದಕ್ಕೇ ಹೋಗಬೇಕು, ಅಡ್ಡ ಎಳೆದರೆ ಕಡ್ಡಿ ಸಿಬಿರೇಳುತ್ತದೆ.

ಒಮ್ಮೆ ಸಾರು ಚೆಲ್ಲಿತು. ತಕ್ಷಣ ಟಿಶ್ಯೂ ಒತ್ತಿ ಹೀರಿಸಿದೆ, ಉಜ್ಜಲಿಲ್ಲ. ಮೇಲೆ ಉಪ್ಪು ಸುರಿದು, ಅದು ತೇವ ಎಳೆದುಕೊಂಡ ಮೇಲೆ ಬ್ರಷ್‌ನಲ್ಲಿ ತೆಗೆದೆ. ಸಾರು ಹೋಯಿತು, ಅರಿಶಿನ ಉಳಿಯಿತು. ಕಪಾಟಿನ ಕಾಲಿನಿಂದ ಬಿದ್ದ ಗುಳಿಗೆ ಮಾತ್ರ ನೀರು ಬೇಕೇ ಬೇಕು: ಹಿಂಡಿದ ಟವೆಲ್ ಹಾಕಿ ಮೇಲೆ ಇಸ್ತ್ರಿ ಇಟ್ಟರೆ ಆವಿಗೆ ಕಡ್ಡಿ ಉಬ್ಬಿ ಮೇಲೇಳುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಬೇಕು.

ನಾಲ್ಕನೇ ವರ್ಷ ಮನೆ ಮಾಲೀಕರ ಒಪ್ಪಿಗೆ ಪಡೆದು ಉರಾಗಾಯೆಶಿ ಮಾಡಿಸಿದೆವು. ಅಂದರೆ ಮೇಲಿನ ಹೆಣಿಗೆಯನ್ನು ಬಿಚ್ಚಿ, ಮಗುಚಿ, ಹೊಸ ಅಂಚು ಹೊಲಿದು ಕೊಡುವುದು. ಮೊದಲು ಕರೆದ ಅಂಗಡಿಯವರು ನೋಡಿದ ಕೂಡಲೇ ಎಲ್ಲವನ್ನೂ ಹೊಸದು ಹಾಕಿಸಿ ಅಂದರು. ನಾವು ಒಪ್ಪಲಿಲ್ಲ. ಎರಡನೆಯವರು ವಯಸ್ಸಾದ ತತಾಮಿಯಾ-ಸಾನ್, ತತಾಮಿ ಕೆಲಸದವರನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಅವರು ಮೊಣಕಾಲೂರಿ, ಒಂದು ಕೊಕ್ಕೆ ಚುಚ್ಚಿ, ಅಷ್ಟು ಭಾರದ ಚಾಪೆಯನ್ನು ಸರಕ್ಕನೆ ಎತ್ತಿಬಿಟ್ಟರು. ಹಿಂಬದಿಯಲ್ಲಿ ಯಾವುದು ಎಲ್ಲಿಯದು ಅಂತ ಗುರುತು ಬರೆದಿತ್ತು. ಕೋಣೆಯ ಮೂಲೆಗಳು ನೇರ ಇರುವುದಿಲ್ಲವಂತೆ, ಹಾಗಾಗಿ ಒಂದೊಂದನ್ನೂ ಅದರದರ ಜಾಗಕ್ಕೇ ಅಳೆದು ಕತ್ತರಿಸುತ್ತಾರೆ. ಅದಲು ಬದಲು ಮಾಡಿದರೆ ಕೂರುವುದಿಲ್ಲ.

ಐದು ಚಾಪೆ ಮಗುಚಿ ಬಂದವು, ಒಳಗಿದ್ದ ಹಸಿರು ಮೇಲೆ ಬಂತು. ನಾನು ಒರೆಸಿ ಒರೆಸಿ ಕೆಡಿಸಿದ್ದು ಮಾತ್ರ ಆಗಲಿಲ್ಲ. ಕಲೆ ಆಚೆ ಬದಿಗೂ ಇಳಿದಿತ್ತು. "ಇದು ನೀರು ಕುಡಿದಿದೆ, ಅಲ್ವೇ?" ಅಂತ ಮೆಲ್ಲಗೆ ಕೇಳಿದರು. ಹೌದು ಅಂದೆ. ಅದೊಂದಕ್ಕೆ ಹೊಸ ಹೆಣಿಗೆ ಹಾಕಿದರು.

ಹುಲ್ಲು ಬೇಡ, ಕಾಗದದ್ದೋ ಪ್ಲಾಸ್ಟಿಕ್ಕಿನದೋ ಹಾಕಿಸಿ ಅಂತ ಗೆಳತಿಯರು ಹೇಳುತ್ತಾರೆ. ಅದಕ್ಕೆ ಬೂಷ್ಟು ಕಡಿಮೆ, ಬಣ್ಣವೂ ಬೇಗ ಹೋಗುವುದಿಲ್ಲ, ನಿಜ. ಗಾಲಿ ಕುರ್ಚಿ ಬಳಸುವವರಿಗೆ, ಮನೆಯಲ್ಲಿ ನಾಯಿ ಬೆಕ್ಕು ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಮಳೆ ನಿಂತ ಸಂಜೆ ಈ ಕೋಣೆಯ ಬಾಗಿಲು ತೆಗೆದಾಗ ಬರುವ ಹುಲ್ಲಿನ ವಾಸನೆ ಅದರಲ್ಲಿಲ್ಲ. ಆ ವಾಸನೆಗೋಸ್ಕರ ನಾನು ಇಷ್ಟೆಲ್ಲ ಮಾಡಲು ತಯಾರಿದ್ದೇನೆ.

ಈಗ ಮಗುಚಿದ ಬದಿಯೂ ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗಿದೆ, ಕಿಟಕಿ ಹತ್ತಿರ ಸವೆದಿದೆ. ಮುಂದಿನ ಸಲ ಆರಕ್ಕೂ ಹೊಸ ಹೆಣಿಗೆಯೇ ಆಗಬೇಕು. ಈಗ ಇಲ್ಲಿ ಹೆಚ್ಚಾಗಿ ಬರುವುದು ಚೀನಾದ ಇಗುಸಾ. ಜಪಾನಿನಲ್ಲೇ ಬೆಳೆಯುವುದರಲ್ಲಿ ಬಹುಪಾಲು ಕುಮಾಮೊಟೋದ ಯತ್ಸುಶಿರೋ ಕಡೆಯದು. ಬೆಲೆ ಜಾಸ್ತಿಯಾದರೂ ಅದನ್ನೇ ಹಾಕಿಸೋಣ ಅಂತ ಯಜಮಾನರೂ ನಾನೂ ಮಾತಾಡಿಕೊಂಡಿದ್ದೇವೆ. ಮಳೆಗಾಲ ಕಳೆದು ಗಾಳಿ ಒಣಗಲಿ, ಅದೇ ತತಾಮಿಯಾ-ಸಾನ್‌ಗೆ ಫೋನ್ ಮಾಡಬೇಕು.